62 ಸಾಲಿನ ಚೆಕ್‌ಲಿಸ್ಟೂ ಒಂದು ಕರ್ಪೂರದ ಡಬ್ಬಿಯೂ

ಪ್ರಶ್ನೆ: ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ಇಲ್ಲಿನ ಶಾಲೆ, ಶಿಶುಪಾಲನೆಗಳ ತಪಾಸಣೆ ಮಾಡುವ ಸರ್ಕಾರಿ ಸಂಸ್ಥೆ ಆಫ್‌ಸ್ಟೆಡ್‌ನಲ್ಲಿ ಚೈಲ್ಡ್‌ಮೈಂಡರ್ ಆಗಿ ನೋಂದಣಿಯಾಗಿ ಏಳು ತಿಂಗಳಾಯಿತು. ಮನೆಯಲ್ಲೇ 11 ತಿಂಗಳಿನ, ಎರಡು ವರ್ಷದ ಮತ್ತು ಮೂರೂವರೆ ವರ್ಷದ ಮೂರು ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಶಾಲೆ ಬಿಟ್ಟ ಮೇಲೆ ನನ್ನ ಆರು ವರ್ಷದ ಮಗಳೂ ಸೇರಿಕೊಳ್ಳುತ್ತಾಳೆ. ದುಡ್ಡು ಕೊಟ್ಟು 40 ಪುಟದ ರಿಸ್ಕ್ ಅಸೆಸ್‌ಮೆಂಟ್ ನಮೂನೆ ತೆಗೆದುಕೊಂಡಿದ್ದೇನೆ. ದಿನಾ ಬೆಳಿಗ್ಗೆ 62 ಸಾಲಿಗೆ ಟಿಕ್ ಹಾಕಿ ಸಹಿ ಮಾಡುತ್ತೇನೆ. ಭಾನುವಾರ ನಾಲ್ಕು ಗಂಟೆ ವಾರದ ಪ್ಲಾನಿಂಗ್‌ಗೇ ಹೋಗುತ್ತದೆ. ಇಷ್ಟಾದರೂ ಇನ್‌ಸ್ಪೆಕ್ಟರ್ ಬಂದಾಗ ಯಾವುದೋ ಒಂದು ಕಾಗದ ಇಲ್ಲ ಅಂತಾದರೆ ನೋಂದಣಿಯೇ ಹೋಗುತ್ತದೇನೋ ಅನ್ನುವ ಭಯ. ಅವಸರದಲ್ಲಿ ಟಿಪ್ಪಣಿಗಳನ್ನು ಕನ್ನಡದಲ್ಲೇ ಗೀಚಿಕೊಳ್ಳುತ್ತೇನೆ, ಅದು ತಪ್ಪಾ? ಅಂದಹಾಗೆ, ಮುಂದಿನ ತಿಂಗಳು ಅತ್ತೆ ಮೈಸೂರಿನಿಂದ ಐದು ತಿಂಗಳ ಮಟ್ಟಿಗೆ ಬರುತ್ತಿದ್ದಾರೆ. ಅದಕ್ಕೂ ಏನಾದರೂ ಬರೆಯಬೇಕಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯಗಳು ಹೆಣೆದುಕೊಂಡಿವೆ. ಮಗುವಿಗೆ ಏನಾದರೂ ಆದೀತು ಎಂಬುದು ಒಂದು, ಇನ್‌ಸ್ಪೆಕ್ಟರ್ ಎದುರು ಸಿಕ್ಕಿಬಿದ್ದೇನು ಎಂಬುದು ಇನ್ನೊಂದು. ಆ 62 ಟಿಕ್‌ಗಳು ಎರಡನೆಯ ಭಯಕ್ಕೆ ಹಚ್ಚಿಕೊಂಡ ಮುಲಾಮು, ಮೊದಲನೆಯದಕ್ಕೆ ಅವುಗಳಿಂದ ಆಗುವ ಉಪಕಾರ ಕಡಿಮೆ. ನೀವು ‘ಅಂದಹಾಗೆ’ ಎಂದು ಕೊನೆಗೆ ಸೇರಿಸಿದ ಅತ್ತೆಯವರ ವಿಷಯವೇ ಇಡೀ ಪತ್ರದಲ್ಲಿ ಕೂತು ಯೋಚಿಸಿ ಬರೆಯಬೇಕಾದ ಸಂಗತಿ. ಅಲ್ಲಿಗೆ ಬರುವ ಮೊದಲು ನಿಯಮ ಏನು ಕೇಳುತ್ತದೆ ನೋಡೋಣ.

ಹುಟ್ಟಿನಿಂದ ಐದು ವರ್ಷದವರೆಗಿನ ಮಕ್ಕಳನ್ನು ನೋಡಿಕೊಳ್ಳುವವರಿಗೆ ಇಂಗ್ಲೆಂಡಿನಲ್ಲಿರುವ ಕಡ್ಡಾಯ ಚೌಕಟ್ಟು ಅರ್ಲಿ ಇಯರ್ಸ್ ಫೌಂಡೇಶನ್ ಸ್ಟೇಜ್, ಅಂದರೆ ಇವೈಎಫ್‌ಎಸ್. 2008ರಲ್ಲಿ ಜಾರಿಗೆ ಬಂದ ಇದಕ್ಕೆ 2024ರ ಜನವರಿಯಿಂದ ಚೈಲ್ಡ್‌ಮೈಂಡರ್‌ಗಳಿಗೆಂದೇ ಪ್ರತ್ಯೇಕ ಆವೃತ್ತಿ ಇದೆ. (ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳ ನಿಯಮ ಬೇರೆ. ಅಲ್ಲಿರುವ ಓದುಗರು ಇದನ್ನು ಹಾಗೇ ಅನ್ವಯಿಸಿಕೊಳ್ಳಬೇಡಿ.) ಅದರಲ್ಲಿ ರಿಸ್ಕ್ ಅಸೆಸ್‌ಮೆಂಟ್ ಬಗ್ಗೆ ಇರುವುದು ಕೆಲವೇ ಸಾಲು. ಮಕ್ಕಳು ಅಪಾಯಕ್ಕೆ ಸಿಲುಕದಂತೆ ಮಾಡಬಹುದಾದ ಸಮಂಜಸ ಕ್ರಮಗಳನ್ನೆಲ್ಲ ಮಾಡಬೇಕು. ಅದನ್ನು ಹೇಗೆ ಮಾಡುತ್ತಿದ್ದೀರಿ ಎಂದು ಯಾರಾದರೂ ಕೇಳಿದರೆ ತೋರಿಸಲು ಬರಬೇಕು. ಯಾವುದನ್ನು ಬರೆದಿಟ್ಟರೆ ಉಪಯೋಗ ಎಂಬುದನ್ನು ನೀವೇ ತೀರ್ಮಾನಿಸಬೇಕು. ಪಾರ್ಕಿಗೋ ಲೈಬ್ರರಿಗೋ ಕರೆದೊಯ್ಯುವಾಗಲೂ ಅಪಾಯದ ಅಂದಾಜು ಕಡ್ಡಾಯ, ಅದು ಬರಹದಲ್ಲೇ ಇರಬೇಕೆಂದಿಲ್ಲ. ಪಾಲಿಸಿಗಳನ್ನೂ (ನಿಮ್ಮಲ್ಲಿ ಏನನ್ನು ಹೇಗೆ ಮಾಡುತ್ತೀರಿ ಎಂಬ ಕಾರ್ಯನೀತಿಗಳನ್ನು) ಚೈಲ್ಡ್‌ಮೈಂಡರ್‌ಗಳು ಬರೆದಿಡಲೇಬೇಕೆಂಬ ನಿಯಮವಿಲ್ಲ. ಪೋಷಕರಿಗೆ, ಇನ್‌ಸ್ಪೆಕ್ಟರಿಗೆ ಬಾಯಿಮಾತಿನಲ್ಲಿ ವಿವರಿಸಲು ಬಂದರೆ ಸಾಕು. ವಾರದ ಪ್ಲಾನಿಂಗ್ ಹಾಳೆ ಇಂಥದ್ದೇ ನಮೂನೆಯಲ್ಲಿರಬೇಕೆಂದು ಆಫ್‌ಸ್ಟೆಡ್ ಎಲ್ಲೂ ಕೇಳಿಲ್ಲ. ಮಕ್ಕಳ ಜೊತೆ ಕಳೆಯಬೇಕಾದ ಹೊತ್ತನ್ನು ಕಾಗದ ತಿನ್ನಬಾರದೆಂಬ ಮಾತು ಇವೈಎಫ್‌ಎಸ್‌ನ ಒಳಗೇ ಇದೆ.

ಹಾಗಾದರೆ 40 ಪುಟ ಬಂದದ್ದೆಲ್ಲಿಂದ? ಇಂಥ ನಮೂನೆಗಳಲ್ಲಿ ಹೆಚ್ಚಿನವು ನರ್ಸರಿಗಳಿಗಾಗಿ ಹುಟ್ಟಿದವು. ನರ್ಸರಿಯಲ್ಲಿ ಪಾಳಿ ಬದಲಾಗುತ್ತದೆ, ಬೆಳಗಿನವರು ಕಂಡದ್ದನ್ನು ಮಧ್ಯಾಹ್ನದವರಿಗೆ ದಾಟಿಸಲು ಕಾಗದ ಬೇಕು. ನಿಮ್ಮ ಮನೆಯಲ್ಲಿ ಬರೆಯುವವರೂ ನೀವೇ, ಓದುವವರೂ ನೀವೇ. ಜೊತೆಗೆ ಹಳೆಯ ಚೌಕಟ್ಟಿನ ಕಾಲದ ಹಾಳೆಗಳು ಇನ್ನೂ ಕೈಯಿಂದ ಕೈಗೆ ಓಡಾಡುತ್ತಿವೆ. ಅಪಾಯದ ಸಾಧ್ಯತೆಗೂ ಅದರ ತೀವ್ರತೆಗೂ ಒಂದರಿಂದ ಐದರವರೆಗೆ ಅಂಕ ಹಾಕಿ ಗುಣಿಸಿ ಕೆಂಪು, ಹಳದಿ, ಹಸಿರು ಬಣ್ಣ ಬಳಿಯುವ ಕೋಷ್ಟಕ ಕಾರ್ಖಾನೆಗೆ ಒಗ್ಗೀತು. ಮೆಟ್ಟಿಲಿಗೆ 12 ಅಂಕವೋ 15 ಅಂಕವೋ ಎಂದು ತಲೆ ಕೆಡಿಸಿಕೊಂಡು ಕೂತರೆ ಗೇಟಿನ ಸ್ಕ್ರೂ ಸಡಿಲವಾದದ್ದು ಕಣ್ಣಿಗೆ ಬೀಳುವುದಿಲ್ಲ.

ದಿನದ ಟಿಕ್ ಪಟ್ಟಿಯಲ್ಲಿ ಇದಕ್ಕಿಂತ ದೊಡ್ಡ ತೊಂದರೆ ಇದೆ. 62 ಸಾಲನ್ನು ನಿಜವಾಗಿ ನೋಡಿ ಟಿಕ್ ಹಾಕಲು ಸಾಲಿಗೆ ಅರ್ಧ ನಿಮಿಷ ಅಂದರೂ ಅರ್ಧ ಗಂಟೆ ಬೇಕು. ಮಕ್ಕಳು ಬಾಗಿಲಲ್ಲಿ ನಿಂತಿರುವಾಗ ಯಾರಿಗೂ ಅಷ್ಟು ಹೊತ್ತಿರುವುದಿಲ್ಲ. ಎರಡನೇ ವಾರದ ಹೊತ್ತಿಗೆ ಕೈ ತಾನಾಗಿ ಟಿಕ್ ಹಾಕತೊಡಗುತ್ತದೆ, ಕಣ್ಣು ಬೇರೆಲ್ಲೋ ಇರುತ್ತದೆ. ‘ಮೆಟ್ಟಿಲ ಗೇಟ್ ಹಾಕಿದೆ’ ಎಂದು 7:30ಕ್ಕೆ ಸಹಿ ಬಿದ್ದಿದ್ದು, 10:40ಕ್ಕೆ ಮಗು ಮೆಟ್ಟಿಲಿಂದ ಉರುಳಿದರೆ ಆ ಸಹಿ ನಿಮ್ಮನ್ನು ಕಾಪಾಡುವುದಿಲ್ಲ. ಅಪಾಯ ಗೊತ್ತಿತ್ತು, ನೋಡಿದ್ದೇನೆಂದು ಬರೆದೂ ಇದ್ದರು ಎಂದು ಅದೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. ನೋಡದೆ ಹಾಕಿದ ಟಿಕ್‌ಗಿಂತ ಖಾಲಿ ಹಾಳೆ ವಾಸಿ.

ಇದನ್ನು ಓದಿ ಇಡೀ ಫೈಲನ್ನೇ ರೀಸೈಕ್ಲಿಂಗ್ ಡಬ್ಬಿಗೆ ಹಾಕಿಬಿಡಬೇಡಿ. ಬರಹದಲ್ಲಿ ಇರಲೇಬೇಕಾದವೂ ಇವೆ, ಮತ್ತು ಎಡವುವುದು ಸಾಮಾನ್ಯವಾಗಿ ಅಲ್ಲೇ. ಪ್ರತಿ ಮಗುವಿನ ಪೂರ್ಣ ಹೆಸರು, ಹುಟ್ಟಿದ ದಿನಾಂಕ, ವಿಳಾಸ, ಪೋಷಕರ ವಿವರ, ಕಾನೂನಿನ ಪ್ರಕಾರ ಪೋಷಕರ ಹೊಣೆ ಯಾರದ್ದು ಎಂಬುದು, ತುರ್ತಿನಲ್ಲಿ ಕರೆಯಬೇಕಾದವರ ನಂಬರುಗಳು. ದಿನದ ಹಾಜರಿಯಲ್ಲಿ ಹೆಸರಷ್ಟೇ ಸಾಲದು, ಬಂದ ಹೊತ್ತು ಹೋದ ಹೊತ್ತು ಎರಡೂ ಬೇಕು. ಪೆಟ್ಟು ಬಿದ್ದರೆ, ಪ್ರಥಮ ಚಿಕಿತ್ಸೆ ಕೊಟ್ಟರೆ ಬರೆಯಬೇಕು, ಅದೇ ದಿನ ಅಥವಾ ಸಾಧ್ಯವಾದಷ್ಟು ಬೇಗ ಪೋಷಕರಿಗೆ ತಿಳಿಸಬೇಕು. ಔಷಧಿಗೆ ಎರಡು ಬರಹ: ಇಂಥದ್ದೇ ಔಷಧಿ ಕೊಡಬಹುದೆಂಬ ಪೋಷಕರ ಲಿಖಿತ ಒಪ್ಪಿಗೆ, ಮತ್ತು ಪ್ರತಿ ಸಲ ಕೊಟ್ಟಾಗಲೂ ಅದರ ದಾಖಲೆ. ‘ಜ್ವರ ಬಂದರೆ ಏನಾದರೂ ಕೊಡಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಬಂದ ಮೆಸೇಜ್ ಇಂಥದ್ದೇ ಔಷಧಿಯ ಒಪ್ಪಿಗೆಯಲ್ಲ. ಪೋಷಕರು ಬರಹದಲ್ಲಿ ದೂರು ಕೊಟ್ಟರೆ ವಿಚಾರಿಸಿ 28 ದಿನದೊಳಗೆ ಫಲಿತಾಂಶ ತಿಳಿಸಬೇಕು, ದೂರು ಮತ್ತು ಅದರ ಫಲಿತಾಂಶ ದಾಖಲೆಯಲ್ಲಿರಬೇಕು. ಗಂಭೀರ ಅಪಘಾತವಾದರೆ ಆಫ್‌ಸ್ಟೆಡ್‌ಗೆ ಹೇಳಲು ಕೊನೆಯ ಗಡುವು 14 ದಿನ. ಇವುಗಳ ಜೊತೆ ವಿಮೆಯ ಪತ್ರ, ನೋಂದಣಿ ಪತ್ರ, ಮೂರು ವರ್ಷಕ್ಕೊಮ್ಮೆ ಹೊಸದಾಗಿಸಬೇಕಾದ ಮಕ್ಕಳ ಪ್ರಥಮ ಚಿಕಿತ್ಸೆಯ ಸರ್ಟಿಫಿಕೇಟು. ಎಲ್ಲ ಸೇರಿ ಒಂದು ತೆಳ್ಳನೆಯ ಫೈಲು.

2025ರ ಸೆಪ್ಟೆಂಬರಿನಿಂದ ಕೆಲವು ಸೇರಿವೆ, ನಿಮ್ಮ ನಮೂನೆ ಅದಕ್ಕೆ ಮುಂಚಿನದ್ದಾಗಿದ್ದರೆ ಇವು ಅದರಲ್ಲಿರುವುದಿಲ್ಲ. ಸಾಧ್ಯವಾದ ಕಡೆ ಮಗುವಿಗೆ ಇಬ್ಬರಿಗಿಂತ ಹೆಚ್ಚು ಜನರ ತುರ್ತು ನಂಬರು ಇಟ್ಟುಕೊಳ್ಳಬೇಕು. ಹೇಳದೆ ಕೇಳದೆ ಮಗು ಬರದಿದ್ದರೆ ವಿಚಾರಿಸಬೇಕು. ಊಟದ ಬಗ್ಗೆ ನಿಯಮ ಬಿಗಿಯಾಗಿದೆ: ಮಕ್ಕಳು ತಿನ್ನುವಾಗ ನಿಮ್ಮ ಕಣ್ಣಿಗೂ ಕಿವಿಗೂ ಎಟುಕುವಲ್ಲೇ ಇರಬೇಕು, ಆದಷ್ಟು ಅವರ ಮುಖ ಕಾಣುವಂತೆ ಕೂರಬೇಕು. ಗಂಟಲಲ್ಲಿ ಸಿಕ್ಕಿದ್ದು ಬೆನ್ನಿಗೆ ತಟ್ಟಿ ತೆಗೆಯುವಷ್ಟಾಗಿದ್ದರೆ ಎಲ್ಲಿ, ಏನು, ಹೇಗೆ ಎಂದು ಬರೆದು ಪೋಷಕರಿಗೆ ಹೇಳಬೇಕು. ಕೆಮ್ಮು ಬರುತ್ತಿದ್ದರೆ ಸದ್ದಿರುತ್ತದೆ. ಪೂರ್ತಿ ಸಿಕ್ಕಿಕೊಂಡಾಗ ಸದ್ದೇ ಇರುವುದಿಲ್ಲ. ಮುಖ ಕಾಣುವಂತೆ ಕೂರಿ ಅನ್ನುವುದು ಅದಕ್ಕೆ.

ಇನ್ನು ರಿಸ್ಕ್ ಅಸೆಸ್‌ಮೆಂಟ್ ಬರೆಯುವ ಬಗೆ. ನಾನು ಸೂಚಿಸುವುದು ಇಷ್ಟು: ಸೋಫಾದ ಮೂಲೆ, ಬಾಗಿಲ ಸಂದು ಮುಂತಾದ ಮಾಮೂಲಿ ಸಂಗತಿಗಳನ್ನು ಒಮ್ಮೆ ಸರಿಪಡಿಸಿ ಮರೆತುಬಿಡಿ. ದಿನಾ ನಿಮ್ಮ ಕೈಯಿಂದ ಏನಾದರೂ ಆಗಬೇಕಾದ ಅಪಾಯಗಳನ್ನು ಮಾತ್ರ ಬರೆಯಿರಿ. ಅಡುಗೆಮನೆ, ಮೆಟ್ಟಿಲು, ಮಗು ಮಲಗುವ ಜಾಗ, ಹಿತ್ತಲು, ಶಾಲೆಯ ದಾರಿ, ಬೆಂಕಿ ಬಿದ್ದರೆ ಹೊರಗೆ ಹೋಗುವ ಕ್ರಮ. ನಿಮ್ಮ ಮನೆಗೆ ಈ ಆರು ಸಾಕು, ಒಂದೊಂದು ಅರ್ಧ ಪುಟ. ಶಾಲೆಯ ದಾರಿಯ ಹಾಳೆ ಹೀಗಿರಬಹುದು:

‘ಮಧ್ಯಾಹ್ನ 2:50ಕ್ಕೆ ಹೊರಡುವುದು. ಚಿಕ್ಕವರಿಬ್ಬರು ಡಬಲ್ ಬಗ್ಗಿಯಲ್ಲಿ (ಇಬ್ಬರು ಕೂರುವ ತಳ್ಳುಗಾಡಿ), ಬೆಲ್ಟ್ ಹಾಕಿ. ದೊಡ್ಡವನು ಬಗ್ಗಿ ಹಿಡಿದುಕೊಂಡು, ಮಣಿಕಟ್ಟಿಗೆ ಪಟ್ಟಿ. ದೊಡ್ಡ ರಸ್ತೆಯನ್ನು ಸಿಗ್ನಲ್ ಇರುವಲ್ಲೇ ದಾಟುವುದು, ಪಾರ್ಕ್ ಮಾಡಿದ ಕಾರುಗಳ ನಡುವೆ ಇಲ್ಲ. ಮರಳುವಾಗ ಮಕ್ಕಳು ನಾಲ್ಕು: ಮಗಳು ಬಗ್ಗಿಯ ಇನ್ನೊಂದು ಬದಿ. ಬ್ಯಾಗಿನಲ್ಲಿ ಪ್ರಥಮ ಚಿಕಿತ್ಸೆ ಕಿಟ್, ತುರ್ತು ನಂಬರುಗಳ ಕಾರ್ಡ್, ಚಾರ್ಜ್ ಇರುವ ಫೋನ್. ದೊಡ್ಡವನು ಓಡಿದರೆ: ಬಗ್ಗಿಯ ಬ್ರೇಕ್ ಮೊದಲು, ಆಮೇಲೆ ಕೂಗು.’

ಬ್ರೇಕ್ ಮೊದಲು ಅನ್ನುವ ಸಾಲು ಯಾವ ಕೊಂಡ ನಮೂನೆಯಲ್ಲೂ ಸಿಗದು. ಮೂರು ಮಕ್ಕಳ ಜೊತೆ ಆ ದಾರಿಯಲ್ಲಿ ನಡೆದವರಿಗೇ ಹೊಳೆಯುವ ಸಾಲು ಅದು. ಈ ಹಾಳೆಯನ್ನು ದಿನಾ ಬರೆಯುವುದು ಬೇಡ. ದಾರಿ ಬದಲಾದಾಗ, ಹೊಸ ಮಗು ಬಂದಾಗ, ಕೂದಲೆಳೆಯಲ್ಲಿ ತಪ್ಪಿದ ಘಟನೆ ಆದಾಗ ತಿದ್ದಿ ದಿನಾಂಕ ಹಾಕಿ. 11 ತಿಂಗಳಿನ ಕೂಸು ನಡೆಯಲು ಶುರುಮಾಡಿದ ದಿನ ಆರು ಹಾಳೆಗಳನ್ನೂ ಒಮ್ಮೆ ತೆರೆದು ನೋಡಿ.

ಮಲಗುವ ಜಾಗದ ಹಾಳೆಗೆ: ಕೂಸನ್ನು ಅಂಗಾತ ಮಲಗಿಸಬೇಕು, ಹಾಸಿಗೆ ಗಟ್ಟಿಯಾಗಿ ಸಮತಟ್ಟಾಗಿರಬೇಕು, ದಿಂಬು ಬೇಡ, ಕೋಣೆಯ ಉಷ್ಣತೆ 16ರಿಂದ 20 ಡಿಗ್ರಿ. ಚಳಿಯೆಂದು ನಾವು ಹೊದಿಸುವ ಕಂಬಳಿ, ಉಲ್ಲನ್ ಟೋಪಿ ಇಲ್ಲಿ ಅಪಾಯದ ಕಡೆಗೇ ಸೇರುತ್ತವೆ.

ಅಡುಗೆಮನೆಯದ್ದು ನಿಮ್ಮ ಮಟ್ಟಿಗೆ ವಿಸ್ತಾರವಾದ ಹಾಳೆ. ಕೊಂಡ ನಮೂನೆಯಲ್ಲಿ ಟೋಸ್ಟರ್, ಕೆಟಲ್ ಇರುತ್ತವೆ, ಒಗ್ಗರಣೆ ಇರುವುದಿಲ್ಲ. ಸಾಸಿವೆ ಸಿಡಿಯುವ ಎಣ್ಣೆ, ಆವಿ ಬಿಡುವ ಕುಕ್ಕರು, ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗಿನ ಹಬೆ: ಇವೆಲ್ಲ ಮಕ್ಕಳು ಬರುವ ಮೊದಲೇ ಮುಗಿಯುವಂತೆ ಹೊತ್ತು ಹೊಂದಿಸಿಕೊಳ್ಳಿ, ಇಲ್ಲವೇ ಅಡುಗೆಮನೆ ಬಾಗಿಲಿಗೆ ಗೇಟ್ ಹಾಕಿ. ಅನ್ನದ ವಿಷಯ ಎಷ್ಟೋ ಮನೆಗಳಲ್ಲಿ ತಪ್ಪುತ್ತದೆ. ಬೆಳಿಗ್ಗೆ ಮಾಡಿದ ಅನ್ನ ಮಧ್ಯಾಹ್ನದವರೆಗೆ ಕುಕ್ಕರಿನಲ್ಲೇ ಬೆಚ್ಚಗೆ ಕೂತರೆ ಬೇಸಿಲ್ಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯ ವಿಷ ಉತ್ಪಾದಿಸುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಮಾಡಿದ ಕೂಡಲೇ ಬಡಿಸಿ, ಇಲ್ಲವೇ ಅಗಲ ತಟ್ಟೆಗೆ ಹರವಿ ಒಂದು ಗಂಟೆಯೊಳಗೆ ತಣಿಸಿ ಫ್ರಿಜ್‌ನಲ್ಲಿಡಿ, 24 ಗಂಟೆಯೊಳಗೆ ಮುಗಿಸಿ, ಒಂದೇ ಸಲ ಬಿಸಿ ಮಾಡಿ. ಇಡೀ ಕಡಲೆಕಾಯಿ ಬೀಜ ಐದು ವರ್ಷದೊಳಗಿನವರಿಗೆ ಬೇಡ, ಚಿತ್ರಾನ್ನ ಪುಳಿಯೋಗರೆಯಲ್ಲೂ ಬೇಡ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ. ಒಂದು ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸುವ ಪದ್ಧತಿಯನ್ನು ನಿಮ್ಮ ಮನೆಗೆ ಬರುವ ಯಾರೂ ಪಾಲಿಸದಂತೆ ನೋಡಿಕೊಳ್ಳಿ, ಅದರಿಂದ ಬಾಟ್ಯುಲಿಸಮ್ ಎಂಬ ಅಪಾಯಕಾರಿ ವಿಷಬಾಧೆ ಬರಬಹುದು.

ದೇವರ ಗೂಡಿಗೆ ಬೇರೆಯೇ ಕಾಲು ಪುಟ ಬೇಕು. ದೀಪ, ಊದುಬತ್ತಿಯ ಬೆಂಕಿ ಎಲ್ಲರಿಗೂ ಹೊಳೆಯುತ್ತದೆ, ಕರ್ಪೂರ ಹೊಳೆಯುವುದಿಲ್ಲ. ಮಗುವಿನ ಕಣ್ಣಿಗೆ ಅದು ಕಲ್ಲುಸಕ್ಕರೆ. ಚೂರು ನುಂಗಿದರೂ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ಡಬ್ಬಿಯನ್ನು ಎತ್ತರದಲ್ಲಿ, ಬೀಗದೊಳಗೆ ಇಡಿ. ಕೆಲವರು ಬೆಂಕಿಯ ಭಯಕ್ಕೆ ಎಣ್ಣೆ ದೀಪ ಬಿಟ್ಟು ಬ್ಯಾಟರಿಯ ಎಲ್‌ಇಡಿ ದೀಪ ತರುತ್ತಾರೆ. ಅದರೊಳಗಿರುವ ಗುಂಡಿಯಂಥ ಬ್ಯಾಟರಿ ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳವನ್ನು ಸುಡಬಲ್ಲದು. ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ದೀಪವಾದರೆ ಎಣ್ಣೆ ದೀಪದ ಅಪಾಯ ಕಳೆದು ಅದಕ್ಕಿಂತ ಕೆಟ್ಟದ್ದು ಬಂದಂತಾಯಿತು. ಒಂದು ಅಪಾಯಕ್ಕೆ ಮಾಡಿದ ಪರಿಹಾರ ಇನ್ನೊಂದನ್ನು ತಂದಿತೇ ಎಂದು ಪ್ರತಿ ಹಾಳೆಯ ಕೊನೆಗೂ ಕೇಳಿಕೊಳ್ಳಿ. ಅಳಗುಳಿಮಣೆ ಇದ್ದರೆ ಅದರ ಕಾಯಿಗಳನ್ನು ಎಣಿಸಿ ಎತ್ತಿಡಿ. ಹುಣಿಸೆ ಬೀಜ ಗಂಟಲಿಗೆ ಅಪಾಯ, ಗುಲಗಂಜಿಯಂತೂ ವಿಷ.

ಈಗ ಅತ್ತೆಯವರು. ಮೊದಲು ಕಾನೂನಿನ ಭಾಗ. ನೀವು ಮಕ್ಕಳನ್ನು ನೋಡಿಕೊಳ್ಳುವ ಮನೆಯಲ್ಲಿ 16 ವರ್ಷ ತುಂಬಿದ ಯಾರೇ ಬಂದು ವಾಸಿಸಿದರೂ ಆಫ್‌ಸ್ಟೆಡ್‌ಗೆ ತಿಳಿಸಬೇಕು, ಅವರ ಹಿನ್ನೆಲೆ ಪರಿಶೀಲನೆ ಆಗಬೇಕು. ಐದು ತಿಂಗಳು ಇರುವವರನ್ನು ‘ನೆಂಟರು’ ಎಂದುಕೊಂಡು ಸುಮ್ಮನಿರುವುದು ತಪ್ಪು ದಾರಿ. ಟಿಕೆಟ್ ಆದ ಕೂಡಲೇ ಬರುವ ದಿನ, ಹೋಗುವ ದಿನ ತಿಳಿಸಿ ಆಫ್‌ಸ್ಟೆಡ್‌ಗೆ ಬರೆಯಿರಿ, ಏನು ಮಾಡಬೇಕೆಂದು ಕೇಳಿ, ಬಂದ ಉತ್ತರವನ್ನು ಮುದ್ರಿಸಿ ಫೈಲಿಗೆ ಹಾಕಿ. ಪೋಷಕರಿಗೂ ಮೊದಲೇ ಹೇಳಿ. ಪರಿಶೀಲನೆ ಮುಗಿಯುವವರೆಗೆ ಮಕ್ಕಳ ಜೊತೆ ಅತ್ತೆಯವರನ್ನು ಎರಡು ನಿಮಿಷವೂ ಒಂಟಿಯಾಗಿ ಬಿಡುವಂತಿಲ್ಲ. ನೀವು ಬಚ್ಚಲಿಗೆ ಹೋದಾಗ ‘ಒಂಚೂರು ನೋಡ್ಕೊಳ್ಳಿ’ ಅನ್ನುವುದೂ ಇದರಲ್ಲಿ ಬಂತು. ವಿಸಿಟರ್ ವೀಸಾದಲ್ಲಿ ಬಂದವರು ಸಂಬಳವಿಲ್ಲದೆಯೂ ಕೆಲಸ ಮಾಡುವ ಹಾಗಿಲ್ಲ, ಹಾಗಾಗಿ ಅವರನ್ನು ಸಹಾಯಕಿ ಎಂದು ಲೆಕ್ಕಕ್ಕೆ ಹಿಡಿಯುವ ಯೋಚನೆ ಬೇಡ. ಈ ಮಾತನ್ನು ಅತ್ತೆಗೆ ನೀವು ಹೇಳುವುದಕ್ಕಿಂತ ನಿಮ್ಮ ಯಜಮಾನರು ಫೋನಿನಲ್ಲಿ ಮುಂಚೆಯೇ ಹೇಳಿಟ್ಟರೆ ಮನಸ್ತಾಪ ಕಡಿಮೆ. ಮಕ್ಕಳನ್ನು ಎತ್ತಿ ಆಡಿಸುವುದು ನಮ್ಮಲ್ಲಿ ಅಕ್ಕರೆ, ಇಲ್ಲಿನ ಕಾನೂನಿಗೆ ಅದು ಕಾಣುವ ರೀತಿ ಬೇರೆ ಎಂದು ಅವರಿಗೆ ಬಿಡಿಸಿ ಹೇಳಬೇಕಾಗುತ್ತದೆ.

ಆಮೇಲೆ ಅವರ ಸೂಟ್‌ಕೇಸು. ಹಿರಿಯರ ಮಾತ್ರೆಗಳು ಡಬ್ಬಿಯಲ್ಲಿರುವುದಿಲ್ಲ, ಸ್ಟ್ರಿಪ್ ಕತ್ತರಿಸಿ ಬ್ಯಾಗಿನಲ್ಲೋ ದಿಂಬಿನ ಪಕ್ಕವೋ ಇಟ್ಟಿರುತ್ತಾರೆ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು ಒಂದೇ ಒಂದು ನುಂಗಿದರೂ ಪುಟ್ಟ ಮಗುವಿನ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು, ಅದೂ ಗಂಟೆಗಟ್ಟಲೆ ತಡವಾಗಿ. ಎಲೆ ಅಡಿಕೆ ಅಭ್ಯಾಸವಿದ್ದರೆ ಸುಣ್ಣದ ಡಬ್ಬಿ ಬರುತ್ತದೆ, ಸುಣ್ಣ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಕುತ್ತು. ಅವರ ಕೋಣೆಗೆ ಮಕ್ಕಳ ಕೈಗೆ ಎಟುಕದ ಚಿಲಕ ಹಾಕಿಸಿ, ಒಳಗೊಂದು ಬೀಗವಿರುವ ಪೆಟ್ಟಿಗೆ ಇಡಿ, ದಿನಾ ಮಕ್ಕಳು ಬರುವ ಮೊದಲು ಆ ಕೋಣೆಯ ಬಾಗಿಲನ್ನು ನೀವೇ ನೋಡಿ. ಇಡೀ 62 ಸಾಲಿನ ಬದಲು ಬೆಳಗಿನ ಪಟ್ಟಿ ಆರು ಸಾಲಿರಲಿ: ಮುಂಬಾಗಿಲು, ಮೆಟ್ಟಿಲ ಗೇಟ್, ಅಡುಗೆಮನೆ ಗೇಟ್, ದೇವರ ಗೂಡು, ಅತ್ತೆಯ ಕೋಣೆ, ಹಿತ್ತಲ ಗೇಟ್. ಪಟ್ಟಿಯನ್ನು ಒಂದೇ ಕಡೆ ಅಂಟಿಸಬೇಡಿ. ಆಯಾ ಬಾಗಿಲ ಹತ್ತಿರವೇ ಒಂದು ಚೀಟಿ ಅಂಟಿಸಿದರೆ ಅಲ್ಲಿಗೆ ಹೋಗದೆ ನೋಡಿದ ಹಾಗಾಗುವುದಿಲ್ಲ.

ಪ್ಲಾನಿಂಗ್ ಬಗ್ಗೆ ಚಿಕ್ಕದಾಗಿ ಹೇಳಿದರೆ ಸಾಕು. ಇವೈಎಫ್‌ಎಸ್‌ನಲ್ಲಿ ಕಲಿಕೆಯ ಏಳು ಕ್ಷೇತ್ರಗಳಿವೆ. ಮಾತು ಮತ್ತು ಭಾಷೆ, ದೇಹದ ಬೆಳವಣಿಗೆ, ಭಾವನೆ ಮತ್ತು ಒಡನಾಟ, ಈ ಮೂರು ಚಿಕ್ಕ ಮಕ್ಕಳಿಗೆ ಮುಖ್ಯ. ಪ್ರತಿ ಮಗುವಿಗೆ ಏಳು ಕ್ಷೇತ್ರಕ್ಕೂ ದಿನಕ್ಕೊಂದು ಚಟುವಟಿಕೆ ಎಂದು ಕೋಷ್ಟಕ ತುಂಬಿದ್ದರಿಂದ ನಿಮ್ಮ ಭಾನುವಾರ ಹೋಗುತ್ತಿದೆ. ಬದಲಿಗೆ ಒಂದು ಎ4 ಹಾಳೆಗೆ ಮೂರು ಹೆಸರು ಬರೆಯಿರಿ. ಪ್ರತಿಯೊಂದರ ಕೆಳಗೆ ಮೂರು ಸಾಲು: ಈಗ ಏನು ಬರುತ್ತದೆ, ಮುಂದೆ ಏನು ಬರಬೇಕು, ಅದಕ್ಕೆ ಈ ವಾರ ನಾನೇನು ಮಾಡುತ್ತೇನೆ. ‘ಒಂದೊಂದೇ ಪದ ಆಡುತ್ತಾಳೆ, ಎರಡು ಪದ ಜೋಡಿಸಬೇಕು, ಅವಳು “ಹಾಲು” ಅಂದರೆ ನಾನು “ಬಿಸಿ ಹಾಲು” ಅನ್ನುತ್ತೇನೆ.’ ಇದು ಪ್ಲಾನಿಂಗ್. ಇನ್‌ಸ್ಪೆಕ್ಟರ್ ಕೇಳುವುದೂ ಹೆಚ್ಚು ಕಡಿಮೆ ಇದನ್ನೇ, ‘ಈ ಮಗುವಿಗೆ ಮುಂದೇನು ಕಲಿಸಬೇಕೆಂದಿದ್ದೀರಿ, ಯಾಕೆ?’ ಹಾಳೆ ನೋಡದೆ ಉತ್ತರ ಹೇಳುವಷ್ಟು ಮಗು ನಿಮಗೆ ಗೊತ್ತಿರಬೇಕು.

ಮೊಬೈಲ್ ಆ್ಯಪ್‌ಗಳಲ್ಲೂ ಇದನ್ನೆಲ್ಲ ಇಡಬಹುದು. ಹಾಜರಿಗೆ, ಪೋಷಕರಿಗೆ ಫೋಟೊ ಕಳಿಸಲು ಅನುಕೂಲ. ಆದರೆ ಚಂದಾ ನಿಲ್ಲಿಸಿದ ದಿನ ದಾಖಲೆ ಕೈತಪ್ಪದಂತೆ ಆಗಾಗ ಪಿಡಿಎಫ್ ತೆಗೆದಿಟ್ಟುಕೊಳ್ಳಬೇಕು, ಅಪಘಾತದ ದಾಖಲೆಯನ್ನಂತೂ ಖಂಡಿತ. ಗಾಯಗೊಂಡ ಮಗು ದೊಡ್ಡದಾದ ಮೇಲೆ, 18 ತುಂಬಿ ಇನ್ನೂ ಮೂರು ವರ್ಷದವರೆಗೆ ದಾವೆ ಹೂಡಬಹುದು. ಎಷ್ಟು ಕಾಲ ಇಡಬೇಕೆಂದು ವಿಮೆಯವರನ್ನು ಕೇಳಿ ಅಷ್ಟು ಕಾಲ ಇಡಿ. ಮಕ್ಕಳ ವಿವರ, ಫೋಟೊ ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಇದ್ದರೆ ಮಾಹಿತಿ ಆಯುಕ್ತರ ಕಚೇರಿಗೆ, ಅಂದರೆ ಐಸಿಒಗೆ, ವಾರ್ಷಿಕ ಶುಲ್ಕ ಕಟ್ಟಬೇಕಾಗುತ್ತದೆ. 2025ರ ಫೆಬ್ರವರಿಯಿಂದ ಅದು ನಿಮ್ಮಂಥ ಸಣ್ಣ ವ್ಯವಹಾರಕ್ಕೆ 52 ಪೌಂಡ್.

ಕನ್ನಡದಲ್ಲಿ ಗೀಚಿಕೊಳ್ಳುವುದು ತಪ್ಪಲ್ಲ, ನಿಮ್ಮ ಯೋಚನೆಗೆ ಯಾವ ಭಾಷೆ ಸಲೀಸೋ ಅದರಲ್ಲಿ ಬರೆದುಕೊಳ್ಳಿ. ಆದರೆ ಚೈಲ್ಡ್‌ಮೈಂಡರ್ ದಾಖಲೆಗಳನ್ನು ಇಂಗ್ಲಿಷಿನಲ್ಲಿ ಇಡಬಲ್ಲವರಾಗಿರಬೇಕು ಎಂದು ನಿಯಮ ಬಯಸುತ್ತದೆ. ಪೆಟ್ಟು, ಔಷಧಿ, ದೂರು, ಹಾಜರಿ, ಆ ಆರು ಹಾಳೆಗಳು, ಇವು ಇಂಗ್ಲಿಷಿನಲ್ಲೇ ಇರಲಿ. ನಿಮಗೇನಾದರೂ ಆಗಿ ಆಂಬುಲೆನ್ಸಿನವರು ಬಂದರೆ ಮೂರು ಮಕ್ಕಳ ಅಲರ್ಜಿ, ಅಪ್ಪ ಅಮ್ಮನ ನಂಬರು ಅವರಿಗೆ ಓದಲು ಬರಬೇಕು. ಮಕ್ಕಳಲ್ಲಿ ಯಾರದಾದರೂ ಮನೆಮಾತು ಕನ್ನಡವಾಗಿದ್ದರೆ ಆಟದಲ್ಲಿ ಅವರ ಜೊತೆ ಕನ್ನಡ ಆಡುವುದಕ್ಕೆ ಇವೈಎಫ್‌ಎಸ್‌ನ ಬೆಂಬಲವಿದೆ, ಹಿಂಜರಿಯಬೇಡಿ.

ಇನ್ನೊಂದು, ನೀವು ಕೇಳಿಲ್ಲ, ಆದರೆ ಹೇಳಬೇಕು. ನಿಮ್ಮಲ್ಲಿ ಐದರೊಳಗಿನ ಮೂವರು ಆಗಲೇ ಇದ್ದಾರೆ, ಅದೇ ಮಿತಿ. ಒಂದು ವರ್ಷದೊಳಗಿನ ಕೂಸು ಸಾಮಾನ್ಯವಾಗಿ ಒಂದೇ. ನಿಮ್ಮ ಮಗಳೂ ಎಂಟರೊಳಗಿನ ಆರು ಮಕ್ಕಳ ಲೆಕ್ಕದಲ್ಲಿ ಸೇರುತ್ತಾಳೆ, ಸ್ವಂತ ಮಗು ಎಂಬ ವಿನಾಯಿತಿ ಇಲ್ಲ. ರಜೆಯಲ್ಲಿ ಅವಳ ಗೆಳತಿಯರನ್ನು ‘ಸುಮ್ಮನೆ’ ನೋಡಿಕೊಳ್ಳಲು ಒಪ್ಪುವ ಮೊದಲು ಬೆರಳೆಣಿಸಿ.

ಎರಡು ವರ್ಷದ ಮಗುವಿಗೆ ಸಂಬಂಧಿಸಿ ನಿಮ್ಮ ಪತ್ರದಲ್ಲಿ ಕಾಣದ ಒಂದು ಕಾಗದ ನಿಜವಾಗಿಯೂ ಕಡ್ಡಾಯ. ಮಗುವಿಗೆ ಎರಡು ತುಂಬಿ ಮೂರು ತುಂಬುವುದರೊಳಗೆ, ಆ ಮೂರು ಮುಖ್ಯ ಕ್ಷೇತ್ರಗಳಲ್ಲಿ ಅದು ಹೇಗಿದೆ ಎಂಬ ಚಿಕ್ಕ ಲಿಖಿತ ಸಾರಾಂಶವನ್ನು ಪೋಷಕರಿಗೆ ಕೊಡಬೇಕು. ಮಗು ವಾರದ ಹೆಚ್ಚು ಹೊತ್ತು ಇರುವುದು ನಿಮ್ಮಲ್ಲೇ ಆದರೆ ಬರೆಯುವ ಹೊಣೆ ನಿಮ್ಮದು. ಒಂದು ಪುಟ ಸಾಕು: ಏನು ಚೆನ್ನಾಗಿ ಬರುತ್ತಿದೆ, ಎಲ್ಲಿ ಹಿಂದಿದೆ ಅನ್ನಿಸುತ್ತದೆ, ಮನೆಯಲ್ಲೂ ನಿಮ್ಮಲ್ಲೂ ಏನು ಮಾಡೋಣ. ಹೆಲ್ತ್ ವಿಸಿಟರ್ (ಪುಟ್ಟ ಮಕ್ಕಳ ಆರೋಗ್ಯ, ಬೆಳವಣಿಗೆ ನೋಡುವ ನರ್ಸ್) ಇದೇ ಸುಮಾರಿಗೆ ಮಗುವನ್ನು ನೋಡಲು ಬರುತ್ತಾರೆ. ಅಷ್ಟರೊಳಗೆ ಕೊಟ್ಟರೆ ತಾಯಿ ಆ ಪುಟವನ್ನು ಅವರಿಗೂ ತೋರಿಸಬಹುದು. ಈ ಭಾನುವಾರದ ನಾಲ್ಕು ಗಂಟೆಯಲ್ಲಿ ಒಂದನ್ನು ಅದಕ್ಕೆ ಇಡಿ.